ಗಾಜಿನ ತೊಟ್ಟಿಯೊಳಗೊಂದು ಹಳ್ಳ

ನೀರಿಲ್ಲದೆ ಮೀನು ಬದುಕಲಾರದೆಂಬುದು ಎಲ್ಲರೂ ಬಲ್ಲ ಮಾತು. ಆದರೆ ನೀರಿದ್ದ ಮಾತ್ರಕ್ಕೇ ಮೀನು ಬದುಕುವುದೆ? ಪೇಟೆಯಿಂದ ಚೆಲುವಾದ ಗಾಜಿನ ಬೋಗುಣಿಯೊಂದನ್ನೂ ಎರಡು ಚಿನ್ನದ ಮೀನುಗಳನ್ನೂ ಕೊಂಡು ತಂದು, ನಲ್ಲಿಯ ನೀರು ತುಂಬಿ, ದಿನಕ್ಕೆ ನಾಲ್ಕು ಸಲ ಆಹಾರ ಉದುರಿಸಿ ಸಾಕಹೊರಟವರ ಅನುಭವವನ್ನು ಕೇಳಿ ನೋಡಬೇಕು. ಮೊದಲನೆಯ ದಿನ ಮನೆಯವರಿಗೆಲ್ಲ ಸಂಭ್ರಮ. ಮೂರನೆಯ ದಿನ ನೀರು ಮಬ್ಬು. ವಾರವೆರಡು ವಾರ ಕಳೆಯುವುದರೊಳಗೆ ಮೀನು ಹೊಟ್ಟೆ ಮೇಲಾಗಿ ತೇಲುತ್ತದೆ. "ಪಾಪ, ಅದರ ಆಯುಸ್ಸೇ ಅಷ್ಟು" ಎಂದು ಮನೆಯ ಹಿರಿಯರು ಸಮಾಧಾನ ಹೇಳುತ್ತಾರೆ. ವಾಸ್ತವವಾಗಿ ಚಿನ್ನದ ಮೀನು ಹತ್ತು ವರ್ಷಕ್ಕೂ ಹೆಚ್ಚು ಬಾಳತಕ್ಕ ಪ್ರಾಣಿ. ಅದನ್ನು ಕೊಂದದ್ದು ವಿಧಿಯಲ್ಲ, ನೀರಿನ ವಿಷಯದಲ್ಲಿ ನಮಗಿರುವ ಅಜ್ಞಾನ.

ಈ ಅಜ್ಞಾನವನ್ನು ಸ್ವಲ್ಪಮಟ್ಟಿಗೆ ಕಳೆಯುವುದೇ ಪ್ರಸ್ತುತ ಲೇಖನದ ಉದ್ದೇಶ. ಸುಮಾರು ನಲವತ್ತು ಲೀಟರಿನ ಒಂದು ಪುಟ್ಟ ಗಾಜಿನ ತೊಟ್ಟಿಯಲ್ಲಿ ಕಲ್ಲು, ಕಟ್ಟಿಗೆ, ಗಿಡಗಳನ್ನು ಅಂದವಾಗಿ ಹೊಂದಿಸಿ, ಅದರಲ್ಲಿ ಸಣ್ಣ ಸಿಗಡಿಗಳೂ ಬೆರಳಿನ ಉಗುರಿನಷ್ಟುದ್ದದ ಮೀನುಗಳೂ ನೆಮ್ಮದಿಯಾಗಿ ಬಾಳುವಂತೆ ಮಾಡುವುದು ಹೇಗೆ ಎಂಬುದನ್ನು ಇಲ್ಲಿ ವಿಚಾರಮಾಡೋಣ. ಕಲಾವಿಭಾಗದ ವಿದ್ಯಾರ್ಥಿಗಳಿಗೆ ಇದರ ಗೊಡವೆ ಏಕೆಂದು ಯಾರಾದರೂ ಕೇಳಿಯಾರು. ರಸಾಯನಶಾಸ್ತ್ರ, ಸಸ್ಯಶಾಸ್ತ್ರಗಳ ಜೊತೆಗೆ ಚಿತ್ರಕಲೆಯ ದೃಷ್ಟಿಯೂ ಬೇಕಾಗುವ ಕೆಲಸವಿದು. ಆದುದರಿಂದ ಇದರ ಗೊಡವೆ ಎಲ್ಲರಿಗೂ ಉಂಟು.

ಹಿನ್ನೆಲೆ

ಗಿಡ, ಪ್ರಾಣಿ, ಗಾಳಿ ಇವುಗಳ ಪರಸ್ಪರ ಸಂಬಂಧವನ್ನು ಪ್ರಯೋಗದಿಂದ ಅರಿತದ್ದು ಬಹಳ ಹಿಂದಿನ ಸಂಗತಿಯೇನಲ್ಲ. 1771ರಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ, ಮೇಣದ ಬತ್ತಿ ಉರಿದು ನಂದಿದ ಗಾಳಿಯಲ್ಲಿ ಪುದೀನದ ಗಿಡವನ್ನಿರಿಸಿ, ಕೆಲವು ದಿನಗಳ ಮೇಲೆ ಅದೇ ಗಾಳಿಯಲ್ಲಿ ಬತ್ತಿ ಮತ್ತೆ ಉರಿಯುವುದನ್ನು ಕಂಡನು. 1779ರಲ್ಲಿ ಹಾಲೆಂಡಿನ ವೈದ್ಯ ಯಾನ್ ಇಂಗೆನ್‌ಹೌಸ್, ನೀರಿನಲ್ಲಿ ಮುಳುಗಿದ ಹಸಿರೆಲೆಗಳು ಬೆಳಕಿನಲ್ಲಿ ಗುಳ್ಳೆಗಳನ್ನು ಬಿಡುತ್ತವೆ, ಕತ್ತಲಲ್ಲಿ ಬಿಡುವುದಿಲ್ಲ ಎಂದು ತೋರಿಸಿದನು. ಆ ಗುಳ್ಳೆಗಳಲ್ಲಿರುವುದು ನಾವು ಉಸಿರಾಡುವ ಆಮ್ಲಜನಕ.

ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1850ರಲ್ಲಿ ಪ್ರಕಟಿಸಿದ ಪ್ರಯೋಗ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಅವನು ಗಾಜಿನ ಪಾತ್ರೆಯೊಂದರಲ್ಲಿ ಚಿನ್ನದ ಮೀನುಗಳನ್ನೂ ವ್ಯಾಲಿಸ್ನೇರಿಯ ಎಂಬ ಜಲಸಸ್ಯವನ್ನೂ ಇರಿಸಿದನು. ಗಿಡ ಆಮ್ಲಜನಕವನ್ನೇನೋ ಒದಗಿಸಿತು. ಆದರೆ ಅದರ ಹಳೆಯ ಎಲೆಗಳು ಕೊಳೆತು ನೀರು ಕೆಡತೊಡಗಿತು. ಆಗ ಅವನು ಕೊಳದ ಬಸವನಹುಳುಗಳನ್ನು ತಂದು ಬಿಟ್ಟನು. ಅವು ಕೊಳೆತುದನ್ನು ತಿಂದುವು, ನೀರು ತಿಳಿಯಾಯಿತು. ಗಿಡ, ಮೀನು, ಕಸ ತಿನ್ನುವ ಜೀವಿ ಎಂಬ ಮೂರು ಕಾಲಿನ ಮಣೆ ಅಂದು ಸಿದ್ಧವಾಯಿತು. ಇಂದು ನಾವು ಬಸವನಹುಳುವಿನ ಸ್ಥಾನದಲ್ಲಿ ಸಿಗಡಿಯನ್ನು ಕೂರಿಸುತ್ತೇವೆ, ಅಷ್ಟೇ. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯ ತೆರೆಯಿತು. ಮರುವರ್ಷ ಫಿಲಿಪ್ ಗಾಸ್ ಬರೆದ ಪುಸ್ತಕದಿಂದ 'ಅಕ್ವೇರಿಯಂ' ಎಂಬ ಹೆಸರು ಜನಬಳಕೆಗೆ ಬಂದಿತು.

ಮೀನಿನ ವಿಷಯ ನಮ್ಮ ನಾಡಿನವರಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಭಾಗವೇ ಉಂಟು. ಆದರೆ ಅದು ಗಾಳ ಹಾಕಿ ಮೀನು ಹಿಡಿಯುವ ವಿನೋದ. ಹಿಡಿಯದೆ, ತಿನ್ನದೆ, ಸುಮ್ಮನೆ ನೋಡುತ್ತ ಕೂರುವ ವಿನೋದಕ್ಕೆ ಕಲೆಯ ಘನತೆಯನ್ನು ತಂದುಕೊಟ್ಟವನು ಜಪಾನಿನ ನೀಗಾಟ ಪ್ರಾಂತದ ತಕಾಶಿ ಅಮಾನೊ. 1954ರಲ್ಲಿ ಹುಟ್ಟಿದ ಈತ ಕಾಡುಗಳ ಛಾಯಾಚಿತ್ರಕಾರ. 1982ರಲ್ಲಿ ತನ್ನದೇ ಸಂಸ್ಥೆಯನ್ನು ಸ್ಥಾಪಿಸಿ, ಬೆಟ್ಟ, ಕಣಿವೆ, ಕಾಡುಗಳ ಸೊಗಸನ್ನು ಗಾಜಿನ ತೊಟ್ಟಿಯೊಳಗೆ ಜೀವಂತವಾಗಿ ಮೂಡಿಸುವ ಪದ್ಧತಿಯನ್ನು ಬೆಳೆಸಿದನು. ತೊಟ್ಟಿಯ ಪಾಚಿಯನ್ನು ತಿನ್ನಲು ಸಣ್ಣ ಸಿಗಡಿಗಳನ್ನು ಬಿಡುವ ರೂಢಿಯನ್ನು ಹಬ್ಬಿಸಿದವನೂ ಈತನೇ. ಅವುಗಳಲ್ಲೊಂದು ಜಾತಿಗೆ ಅಮಾನೊ ಸಿಗಡಿಯೆಂದೇ ಹೆಸರು ನಿಂತಿದೆ. ಪೋರ್ಚುಗಲ್ಲಿನ ಲಿಸ್ಬನ್ ಮತ್ಸ್ಯಾಲಯದಲ್ಲಿ 40 ಮೀಟರ್ ಉದ್ದದ, 1,60,000 ಲೀಟರ್ ನೀರಿನ ಜಲೋದ್ಯಾನವನ್ನು ರಚಿಸಿ, ಅದು ತೆರೆದ 2015ರಲ್ಲಿಯೇ ಆತ ತೀರಿಕೊಂಡನು. ಅವನ 40 ಮೀಟರಿಗೂ ನಮ್ಮ 45 ಸೆಂಟಿಮೀಟರಿಗೂ ಅಳತೆಯಲ್ಲಿ ಅಂತರವಿದ್ದರೂ ನಿಯಮಗಳು ಒಂದೇ.

ತೊಟ್ಟಿ ಮತ್ತು ಅದರ ಲೆಕ್ಕ

45 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರದ ತೊಟ್ಟಿ ಆರಂಭಕ್ಕೆ ತಕ್ಕದ್ದು. ಈ ಮೂರನ್ನೂ ಗುಣಿಸಿದರೆ 40,500 ಘನ ಸೆಂಟಿಮೀಟರ್, ಅಂದರೆ 40.5 ಲೀಟರ್. ತಳದ ಮರಳಿಗೆ ಸುಮಾರು ಏಳು ಲೀಟರ್ ಜಾಗವನ್ನೂ ಮೇಲಿನ ಖಾಲಿ ಅಂಚಿಗೆ ನಾಲ್ಕು ಲೀಟರನ್ನೂ ಕಳೆದರೆ, ನಿಜವಾಗಿ ಹಿಡಿಯುವ ನೀರು ಸುಮಾರು 30 ಲೀಟರ್. ಔಷಧವನ್ನಾಗಲಿ ಗೊಬ್ಬರವನ್ನಾಗಲಿ ಹಾಕುವಾಗ ಈ 30ನ್ನೇ ಲೆಕ್ಕಕ್ಕೆ ಹಿಡಿಯಬೇಕು, 40ನ್ನಲ್ಲ.

ಇನ್ನೂ ಚಿಕ್ಕ ಬೋಗುಣಿ ಸಾಲದೆ? ಸಾಲದು. ಬೇಸಗೆಯಲ್ಲಿ ಊರ ಕೆರೆಯ ನೀರು ತಣ್ಣಗಿರುವಾಗಲೇ ಪಕ್ಕದ ಗುಂಡಿಯ ನೀರು ಕಾದಿರುವುದನ್ನು ನಾವು ಬಲ್ಲೆವು. ನೀರು ಕಡಿಮೆಯಾದಷ್ಟೂ ಅದರ ಉಷ್ಣತೆ, ಅದರಲ್ಲಿನ ಲವಣ, ಅದರಲ್ಲಿ ಸೇರುವ ಕೊಳೆ ಎಲ್ಲವೂ ಬೇಗಬೇಗ ಏರಿಳಿಯುತ್ತವೆ. ಸಣ್ಣ ಪ್ರಾಣಿಗಳನ್ನು ಕೊಲ್ಲುವುದು ಬಹುತೇಕ ಈ ಏರಿಳಿತವೇ.

ನೀರು, ಮರಳು, ಕಲ್ಲು, ಗಾಜು ಸೇರಿ ತೊಟ್ಟಿಯ ತೂಕ 50 ಕಿಲೋಗ್ರಾಮಿಗೆ ಮೀರಬಹುದು. ಆದುದರಿಂದ ಮೇಜು ಗಟ್ಟಿಯಾಗಿಯೂ ಸಮತಟ್ಟಾಗಿಯೂ ಇರಬೇಕು. ಗಾಜಿನ ಕೆಳಗೆ ತೆಳುವಾದೊಂದು ಥರ್ಮೋಕೋಲ್ ಹಾಸಬೇಕು. ಬಿಸಿಲು ನೇರವಾಗಿ ಬೀಳುವ ಕಿಟಕಿಯ ಬಳಿ ಇಡಕೂಡದು. ನೀರು ಕಾಯುವುದಲ್ಲದೆ ಗಾಜಿನ ತುಂಬ ಪಾಚಿ ಕಟ್ಟುತ್ತದೆ.

ನೆಲ, ಕಲ್ಲು, ಕಟ್ಟಿಗೆ

ಗಿಡಗಳಿಗೆ ಬೇರೂರಲು ನೆಲ ಬೇಕು. ಗೊಬ್ಬರ ಬೆರೆಸದ ಮಣ್ಣನ್ನು ಜರಡಿಯಾಡಿ ಎರಡು ಸೆಂಟಿಮೀಟರ್ ಹರಡಿ, ಅದರ ಮೇಲೆ ಚೆನ್ನಾಗಿ ತೊಳೆದ ದಪ್ಪ ಮರಳನ್ನು ಮುಚ್ಚುವುದು ಸುಲಭೋಪಾಯ. ಕರಾವಳಿ ಮಲೆನಾಡುಗಳ ಜಂಬಿಟ್ಟಿಗೆ ಕಲ್ಲಿನ ಸಣ್ಣ ಚೂರುಗಳನ್ನು ಮಣ್ಣಿನೊಡನೆ ಸೇರಿಸಿದರೆ ಗಿಡಗಳಿಗೆ ಬೇಕಾದ ಕಬ್ಬಿಣದ ಅಂಶ ಬೇರಿಗೆ ಒದಗುತ್ತದೆ. ಹಟ್ಟಿಗೊಬ್ಬರ ಮಾತ್ರ ಸರ್ವಥಾ ಕೂಡದು. ಅದು ನೀರಿನಲ್ಲಿ ಅಮೋನಿಯವನ್ನು ಬಿಡುತ್ತದೆ.

ಕಲ್ಲನ್ನು ಆರಿಸುವಾಗ ಒಂದು ಪರೀಕ್ಷೆ ಆವಶ್ಯಕ. ಕಲ್ಲಿನ ಮೇಲೆ ಕೆಲವು ತೊಟ್ಟು ವಿನೆಗರನ್ನು ಬಿಡಬೇಕು. ನೊರೆಗುಳ್ಳೆ ಎದ್ದರೆ ಅದರಲ್ಲಿ ಸುಣ್ಣವಿದೆಯೆಂದು ಅರ್ಥ. ಅಂಥ ಕಲ್ಲು ನೀರಿನ ಗಡಸುತನವನ್ನು ಏರಿಸುತ್ತ ಹೋಗುತ್ತದೆ. ನಮ್ಮಲ್ಲಿ ಎಲ್ಲೆಡೆಯೂ ಸಿಗುವ ಕಣಶಿಲೆಗೆ ಈ ದೋಷವಿಲ್ಲ. ಕಟ್ಟಿಗೆಯಾದರೆ ಪೂರ್ತಿಯಾಗಿ ಒಣಗಿದ ಗಟ್ಟಿಮರದ ಬೇರೇ ಆಗಬೇಕು. ಅದನ್ನು ಕುದಿಸಿ, ಮುಳುಗುವವರೆಗೆ ವಾರಗಟ್ಟಲೆ ನೆನೆಹಾಕಬೇಕು. ನೀರು ಚಹಾದ ಬಣ್ಣಕ್ಕೆ ತಿರುಗಿದರೆ ಹೆದರಬೇಕಾಗಿಲ್ಲ, ಅದು ತೊಗಟೆಯ ಒಗರು.

ಇನ್ನು ರಚನೆಯ ಮಾತು. ಕೃಷ್ಣರಾಜಸಾಗರದ ಬೃಂದಾವನವನ್ನು ನೋಡಿದವರಿಗೆ ಅಲ್ಲಿನ ಸಮಪಾರ್ಶ್ವದ ಅಂದ ಗೊತ್ತು: ಎಡದಲ್ಲಿ ಏನಿದೆಯೋ ಬಲದಲ್ಲಿಯೂ ಅದೇ. ಮಲೆನಾಡಿನ ಹಳ್ಳದ ಅಂದ ಬೇರೆ ಬಗೆಯದು: ಒಂದು ದಡದಲ್ಲಿ ಹೆಬ್ಬಂಡೆ, ಇನ್ನೊಂದು ದಡದಲ್ಲಿ ಜರಿಗಿಡ, ನಡುವೆ ಬಳುಕಿ ಹರಿಯುವ ಬಯಲು. ಅಮಾನೊ ಹಿಡಿದದ್ದು ಈ ಎರಡನೆಯ ದಾರಿ. ಜಪಾನೀಯರು 'ಇವಾಗುಮಿ' ಎನ್ನುವ ಕಲ್ಲಿನ ಜೋಡಣೆಯಲ್ಲಿ ಕಲ್ಲುಗಳ ಸಂಖ್ಯೆ ಬೆಸವಾಗಿರುತ್ತದೆ, ಮೂರು ಇಲ್ಲವೆ ಐದು. ಎಲ್ಲವೂ ಒಂದೇ ಜಾತಿಯ ಕಲ್ಲಾಗಿ, ಅವುಗಳ ಗೆರೆಗಳು ಒಂದೇ ದಿಕ್ಕಿಗೆ ವಾಲಿರಬೇಕು. ಹಳ್ಳದ ಹರಿವು ಅವನ್ನು ಸವೆಸಿದಂತೆ ಕಾಣಬೇಕು. ಎಲ್ಲಕ್ಕಿಂತ ದೊಡ್ಡ ಕಲ್ಲನ್ನು ನಟ್ಟನಡುವೆ ನಿಲ್ಲಿಸಕೂಡದು. 45 ಸೆಂ.ಮೀ. ಉದ್ದದ ತೊಟ್ಟಿಯಲ್ಲಿ ಒಂದು ಪಕ್ಕದಿಂದ ಸುಮಾರು 17 ಸೆಂ.ಮೀ. ದೂರದಲ್ಲಿಟ್ಟರೆ ಅದು ಚಿತ್ರಕಾರರು ಹೇಳುವ ಸುವರ್ಣಪ್ರಮಾಣಕ್ಕೆ ಹೊಂದುತ್ತದೆ.

ಮರಳನ್ನು ಮುಂಭಾಗದಲ್ಲಿ 3 ಸೆಂ.ಮೀ., ಹಿಂಭಾಗದಲ್ಲಿ 7 ಸೆಂ.ಮೀ. ದಪ್ಪವಾಗಿ ಇಳಿಜಾರು ಮಾಡಿದರೆ ತೊಟ್ಟಿ ಇದ್ದುದಕ್ಕಿಂತ ಆಳವಾಗಿ ತೋರುತ್ತದೆ. ಕಲ್ಲುಗಳ ನಡುವೆ ಬಿಟ್ಟ ಮರಳಿನ ದಾರಿ ಮುಂದೆ ಅಗಲವಾಗಿದ್ದು ಹಿಂದಕ್ಕೆ ಕಿರಿದಾಗುತ್ತ ಹೋದರೆ, ಕಣ್ಣು ಅದನ್ನು ದೂರವೆಂದು ತಿಳಿಯುತ್ತದೆ. ಖಾಲಿ ಜಾಗವೂ ರಚನೆಯ ಒಂದು ಅಂಗ. ಎಲ್ಲ ಕಡೆಯೂ ತುರುಕಿದ ತೊಟ್ಟಿ ಸಾಮಾನಿನ ಕೋಣೆಯಂತೆ ಕಾಣುತ್ತದೆಯೇ ಹೊರತು ಹಳ್ಳದಂತೆ ಕಾಣುವುದಿಲ್ಲ.

ಗಿಡಗಳು

ಹೆಚ್ಚಿನ ಬೆಳಕನ್ನೂ ಸಿಲಿಂಡರಿನ ಇಂಗಾಲಾಮ್ಲ ವಾಯುವನ್ನೂ ಬೇಡದ ಗಿಡಗಳನ್ನೇ ಮೊದಲು ಆರಿಸುವುದು ಲೇಸು. ಕಟ್ಟಿಗೆಗೆ ದಾರದಿಂದ ಬಿಗಿಯತಕ್ಕ ಜಾವಾ ಮಾಸ್ ಎಂಬ ಹಾವಸೆ, ಕಲ್ಲಿನ ಬದಿಗೆ ಜಾವಾ ಜರಿಗಿಡ ಮತ್ತು ಆಫ್ರಿಕದ ಅನೂಬಿಯಸ್, ನಡುಭಾಗಕ್ಕೆ ಕ್ರಿಪ್ಟೊಕೊರಿನ್, ಹಿಂಭಾಗಕ್ಕೆ ವ್ಯಾಲಿಸ್ನೇರಿಯ ಮತ್ತು ನಮ್ಮ ನೀರುಬ್ರಾಹ್ಮಿ. ಜಾವಾ ಜರಿಗಿಡ, ಅನೂಬಿಯಸ್‌ಗಳ ಗೆಡ್ಡೆಯಂಥ ಕಾಂಡವನ್ನು ಮರಳಿನಲ್ಲಿ ಹೂಳಿದರೆ ಅದು ಕೊಳೆಯುತ್ತದೆ. ಕಲ್ಲಿಗೋ ಕಟ್ಟಿಗೆಗೋ ಕಟ್ಟಬೇಕು. ಕ್ರಿಪ್ಟೊಕೊರಿನ್ ನೆಟ್ಟ ಹೊಸದರಲ್ಲಿ ಎಲೆಗಳನ್ನೆಲ್ಲ ಕರಗಿಸಿಕೊಳ್ಳುವುದುಂಟು. ಗಿಡ ಸತ್ತಿತೆಂದು ಕಿತ್ತೆಸೆಯಬಾರದು. ಬೇರು ಬದುಕಿದ್ದರೆ ಕೆಲವು ವಾರಗಳಲ್ಲಿ ಹೊಸ ಎಲೆ ಬರುತ್ತದೆ.

ಕ್ರಿಪ್ಟೊಕೊರಿನ್, ಲಗೆನಾಂಡ್ರ, ಕೆಂಪು ರೊಟಾಲ ಮುಂತಾಗಿ ಪ್ರಪಂಚದ ಜಲೋದ್ಯಾನಿಗಳು ಆಸೆಪಟ್ಟು ಬೆಳೆಸುವ ಕೆಲವು ಗಿಡಗಳ ಬಂಧುಬಳಗ ನಮ್ಮ ಪಶ್ಚಿಮ ಘಟ್ಟದ ತೊರೆಗಳಲ್ಲಿಯೇ ಇದೆ. ಹಾಗೆಂದು ಕಾಡಿನಿಂದ ಕಿತ್ತು ತರುವುದು ನ್ಯಾಯವಲ್ಲ. ಸಸಿತೋಟಗಳಲ್ಲಿ ಬೆಳೆಸಿದುದನ್ನೇ ಕೊಳ್ಳಬೇಕು. ಕೊಂಡ ಗಿಡವನ್ನೂ ಬೇರೊಂದು ಬಕೆಟ್ಟಿನಲ್ಲಿ ಕೆಲವು ದಿನ ನೀರು ಬದಲಿಸುತ್ತ ಇರಿಸಿ ಆಮೇಲೆ ನೆಡಬೇಕು. ಅದರ ಮೇಲೆ ಕೀಟನಾಶಕ ಉಳಿದಿದ್ದರೆ ಸಿಗಡಿಗಳು ಒಂದೇ ದಿನದಲ್ಲಿ ನಾಶವಾದಾವು.

ಮೊದಲ ದಿನವೇ ನೆಲದ ಅರ್ಧದಷ್ಟಾದರೂ ಗಿಡಗಳಿಂದ ತುಂಬಿರಲಿ. ಗಿಡಗಳು ಕಡಿಮೆಯಿದ್ದು ಬೆಳಕು ಹೆಚ್ಚಿದ್ದರೆ ಆಹಾರವೆಲ್ಲ ಪಾಚಿಯ ಪಾಲಾಗುತ್ತದೆ. ದಿನಕ್ಕೆ ಆರರಿಂದ ಎಂಟು ಗಂಟೆಗಳ ಎಲ್‌ಇಡಿ ಬೆಳಕು ಸಾಕು. ಅದೂ ನಿತ್ಯ ಒಂದೇ ಹೊತ್ತಿಗೆ.

ಕಣ್ಣಿಗೆ ಕಾಣದ ಕೆಲಸಗಾರರು

ಗಿಡ ನೆಟ್ಟಾಯಿತು, ನೀರು ತುಂಬಿತು, ನೋಟ ಚೆಲುವಾಯಿತು. ಇನ್ನು ಪ್ರಾಣಿಗಳನ್ನು ಬಿಡಬಹುದೆ? ಬಿಡಕೂಡದು. ಬಹುಮಂದಿ ಎಡವುವುದು ಇಲ್ಲಿಯೇ.

ಮೀನು, ಸಿಗಡಿಗಳು ವಿಸರ್ಜಿಸುವ ಮುಖ್ಯ ಮಲಿನ ವಸ್ತು ಅಮೋನಿಯ. ತಿನ್ನದೆ ಉಳಿದ ಆಹಾರ ಕೊಳೆತಾಗಲೂ ಅದೇ ಹುಟ್ಟುತ್ತದೆ. ನೀರಿನಲ್ಲಿ ಅಮೋನಿಯ ಎರಡು ರೂಪಗಳಲ್ಲಿರುತ್ತದೆ. ಒಂದು ಅಷ್ಟೇನೂ ಕೆಡುಕಿಲ್ಲದ್ದು, ಇನ್ನೊಂದು ಘೋರ ವಿಷ. 25 ಡಿಗ್ರಿ ಉಷ್ಣತೆಯಲ್ಲಿ ನೀರಿನ ಪಿಎಚ್ 7 ಇದ್ದರೆ ವಿಷರೂಪದ ಅಂಶ ನೂರಕ್ಕೆ ಒಂದಕ್ಕಿಂತ ಕಡಿಮೆ. ಪಿಎಚ್ 8 ಆದರೆ ನೂರಕ್ಕೆ ಸುಮಾರು ಐದು. ಆದುದರಿಂದ ಕ್ಷಾರಗುಣದ ಕೊಳವೆಬಾವಿ ನೀರನ್ನು ಬಳಸುವವರು ಇನ್ನಷ್ಟು ಎಚ್ಚರದಿಂದಿರಬೇಕು.

ಈ ವಿಷವನ್ನು ಕಳೆಯುವವರು ಬ್ಯಾಕ್ಟೀರಿಯಗಳು. ಒಂದು ಗುಂಪು ಅಮೋನಿಯವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತದೆ, ಅದೂ ವಿಷವೇ. ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಆಗಿ ಮಾರ್ಪಡಿಸುತ್ತದೆ. ಇದು ಬಹಳಮಟ್ಟಿಗೆ ನಿರುಪದ್ರವಿ, ಮೇಲಾಗಿ ಗಿಡಗಳಿಗೆ ಗೊಬ್ಬರ. ರಷ್ಯದ ವಿಜ್ಞಾನಿ ವಿನೊಗ್ರಾಡ್‌ಸ್ಕಿ 1890ರ ಸುಮಾರಿಗೆ ಈ ಎರಡು ಮೆಟ್ಟಿಲುಗಳನ್ನು ಬೇರೆಬೇರೆಯಾಗಿ ಗುರುತಿಸಿದನು. ಎರಡು ಮೆಟ್ಟಿಲನ್ನೂ ತಾನೊಂದೇ ಹತ್ತಬಲ್ಲ ನೈಟ್ರೋಸ್ಪೈರ ಬ್ಯಾಕ್ಟೀರಿಯವೂ ಉಂಟೆಂಬುದು 2015ರಲ್ಲಿ ಬೆಳಕಿಗೆ ಬಂದಿತು.

ಈ ಕೆಲಸಗಾರರು ಹೊಸ ತೊಟ್ಟಿಯಲ್ಲಿ ಇರುವುದಿಲ್ಲ. ಹಾಲಿಗೆ ಹೆಪ್ಪು ಹಾಕಿ ಕಾಯುವಂತೆ ಕಾಯಬೇಕು. ಚಿಟಿಕೆಯಷ್ಟು ಮೀನಿನ ಆಹಾರವನ್ನು ಎರಡು ದಿನಕ್ಕೊಮ್ಮೆ ಖಾಲಿ ತೊಟ್ಟಿಗೆ ಹಾಕುತ್ತಿದ್ದರೆ ಅದು ಕೊಳೆತು ಅಮೋನಿಯ ಹುಟ್ಟಿ ಬ್ಯಾಕ್ಟೀರಿಯಗಳು ಬೆಳೆಯತೊಡಗುತ್ತವೆ. ಬಲ್ಲವರ ಹಳೆಯ ತೊಟ್ಟಿಯಿಂದ ಒಂದು ಹಿಡಿ ಮರಳು ಸಿಕ್ಕರೆ ಅದೇ ಒಳ್ಳೆಯ ಹೆಪ್ಪು. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅಂಗಡಿಯಲ್ಲಿ ಸಿಗುವ ಪರೀಕ್ಷಾ ದ್ರವದಿಂದ ನೋಡಿದಾಗ ಅಮೋನಿಯವೂ ನೈಟ್ರೈಟೂ ಸೊನ್ನೆಯಾಗಿ ನೈಟ್ರೇಟ್ ಮಾತ್ರ ಕಂಡುಬಂದರೆ ತೊಟ್ಟಿ ಸಿದ್ಧವಾಯಿತೆಂದು ತಿಳಿಯಬಹುದು. ಸಿಗಡಿಗಳಿಗಾಗಿಯಾದರೆ ಇನ್ನೂ ಒಂದೆರಡು ವಾರ ಕಾಯುವುದು ಉತ್ತಮ; ಅಷ್ಟರಲ್ಲಿ ಕಲ್ಲು ಎಲೆಗಳ ಮೇಲೆ ಅವುಗಳ ಆಹಾರವಾದ ತೆಳು ಲೋಳೆಪದರ ಕಟ್ಟಿರುತ್ತದೆ.

ಈ ಬ್ಯಾಕ್ಟೀರಿಯಗಳ ಮನೆ ನೀರಲ್ಲ. ಮರಳು, ಕಲ್ಲು, ವಿಶೇಷವಾಗಿ ಶೋಧಕದ ಸ್ಪಂಜು. ಚಿಕ್ಕ ಗಾಳಿಪಂಪಿನಿಂದ ನಡೆಯುವ ಸ್ಪಂಜಿನ ಶೋಧಕವೇ ಸಿಗಡಿ ತೊಟ್ಟಿಗೆ ಶ್ರೇಷ್ಠ. ಅದು ಮರಿಗಳನ್ನು ಒಳಗೆ ಎಳೆದುಕೊಳ್ಳುವುದಿಲ್ಲ. ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆದರೆ ಕ್ಲೋರೀನಿನಿಂದ ಬ್ಯಾಕ್ಟೀರಿಯಗಳು ಸಾಯುತ್ತವೆ. ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲಿಯೇ ಅದನ್ನು ಮೆಲ್ಲನೆ ಹಿಂಡಬೇಕು.

ಸಿಗಡಿ

ಆರಂಭದವರಿಗೆ ಯೋಗ್ಯವಾದುದು ಚೆರ್ರಿ ಸಿಗಡಿ. ಶಾಸ್ತ್ರೀಯ ನಾಮ ನಿಯೊಕ್ಯಾರಿಡಿನ ಡೇವಿಡಿ. ಮೂಲ ಚೀನ, ತೈವಾನ್ ಪ್ರದೇಶ. ಸಹಜ ಬಣ್ಣ ಮಾಸಲು ಕಂದು. ಕೆಂಪು, ಹಳದಿ, ನೀಲಿ ಬಣ್ಣಗಳು ಮನುಷ್ಯ ಆರಿಸಿ ಆರಿಸಿ ಬೆಳೆಸಿದುವು. ಬೇರೆಬೇರೆ ಬಣ್ಣದವನ್ನು ಕೂಡಿಹಾಕಿದರೆ ಕೆಲವು ಪೀಳಿಗೆಗಳಲ್ಲಿ ಸಂತಾನ ಮತ್ತೆ ಕಂದಾಗುತ್ತದೆ. ಉದ್ದ ಎರಡು ಮೂರು ಸೆಂಟಿಮೀಟರ್. ಆಯುಸ್ಸು ಒಂದೆರಡು ವರ್ಷ. ಹೆಣ್ಣು ಮೊಟ್ಟೆಗಳನ್ನು ಹೊಟ್ಟೆಯ ಕೆಳಗಿನ ಈಜುಗಾಲುಗಳ ನಡುವೆ ಹೊತ್ತು, ಸದಾ ಬೀಸಣಿಗೆಯಂತೆ ಕಾಲಾಡಿಸುತ್ತ ಅವಕ್ಕೆ ಹೊಸ ನೀರನ್ನು ಒದಗಿಸುತ್ತಿರುತ್ತದೆ. ಮೂರು ನಾಲ್ಕು ವಾರಗಳಲ್ಲಿ ಮೊಟ್ಟೆಯೊಡೆದು ಬರುವ ಮರಿ ತಾಯಿಯ ಪ್ರತಿರೂಪವೇ, ಗಾತ್ರ ಮಾತ್ರ ಕಿರಿದು. ಅಮಾನೊ ಸಿಗಡಿಯ ಮರಿಗಳಾದರೋ ಉಪ್ಪುನೀರು ಬೆರೆತಲ್ಲದೆ ಬೆಳೆಯವು. ಆದುದರಿಂದ ಮನೆಯ ತೊಟ್ಟಿಯಲ್ಲಿ ಅವುಗಳ ವಂಶ ವೃದ್ಧಿಯಾಗದು.

ಹತ್ತು ಸಿಗಡಿಗಳಿಂದ ಆರಂಭಿಸಬಹುದು. ತಂದ ಕೂಡಲೆ ಸುರಿಯದೆ, ಅವುಗಳ ಪಾತ್ರೆಗೆ ತೊಟ್ಟಿಯ ನೀರನ್ನು ಸಣ್ಣ ಕೊಳವೆಯಿಂದ ಒಂದೆರಡು ಗಂಟೆ ಹನಿಹನಿಯಾಗಿ ಬೀಳಿಸಿ ಹೊಂದಿಸಬೇಕು. ಸಿಗಡಿ ಬೆಳೆದಂತೆಲ್ಲ ಪೊರೆ ಕಳಚುತ್ತದೆ. ಆ ಪೊರೆಯನ್ನು ಕಂಡು ಸತ್ತ ಸಿಗಡಿಯೆಂದು ಗಾಬರಿಪಡುವವರುಂಟು. ಅದನ್ನು ತೆಗೆಯಬೇಕಾಗಿಲ್ಲ, ಸಿಗಡಿಗಳು ತಾವೇ ತಿನ್ನುತ್ತವೆ. ಹೊಸ ಚಿಪ್ಪಿಗೆ ಸುಣ್ಣಾಂಶ ಬೇಕಾದುದರಿಂದ ಈ ಜಾತಿಗೆ ತೀರ ಮೆದುವಾದ ನೀರಿಗಿಂತ ಸಾಧಾರಣ ಗಡಸು ನೀರೇ ಹಿತ.

ಸಿಗಡಿಯ ಪರಮ ವೈರಿ ತಾಮ್ರ. ಇದೊಂದು ವಿಚಿತ್ರ: ನಮ್ಮ ರಕ್ತದಲ್ಲಿ ಆಮ್ಲಜನಕವನ್ನು ಹೊರುವುದು ಕಬ್ಬಿಣವಾದರೆ ಸಿಗಡಿಯ ರಕ್ತದಲ್ಲಿ ಹೊರುವುದು ತಾಮ್ರವೇ. ಆದರೂ ನೀರಿನಲ್ಲಿ ಅದು ಸ್ವಲ್ಪ ಹೆಚ್ಚಾದರೆ ಪ್ರಾಣಾಂತಿಕ. ಆದುದರಿಂದ ತಾಮ್ರದ ಬಿಂದಿಗೆ ಹಂಡೆಗಳಲ್ಲಿಟ್ಟ ನೀರನ್ನು ಈ ತೊಟ್ಟಿಗೆ ಸುರಿಯಬಾರದು. ಮೀನಿನ ರೋಗಗಳಿಗೆ ಮಾರುವ ಹಲವು ಔಷಧಗಳಲ್ಲಿ ತಾಮ್ರವಿರುತ್ತದೆ; ಶೀಷೆಯ ಮೇಲಿನ ಬರಹವನ್ನು ಓದದೆ ಹಾಕಬಾರದು. ಮಲೆನಾಡಿನ ಮಿತ್ರರಿಗೆ ಇನ್ನೊಂದು ಮಾತು: ಅಡಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಮೈಲುತುತ್ತ ಎಂಬುದು ತಾಮ್ರದ ಲವಣವೇ. ತೋಟದ ಕೆಳಗಿನ ಹೊಂಡದ ನೀರನ್ನಾಗಲಿ ಅಲ್ಲಿನ ಸೊಪ್ಪನ್ನಾಗಲಿ ತರಕೂಡದು. ಕೋಣೆಯಲ್ಲಿ ಸೊಳ್ಳೆಯ ಔಷಧ ಸಿಂಪಡಿಸುವುದೂ ಅಷ್ಟೇ ಅಪಾಯ. ಕೀಟಗಳನ್ನು ಕೊಲ್ಲುವುದು ಅವುಗಳ ದೂರದ ನಂಟನಾದ ಸಿಗಡಿಯನ್ನು ಬಿಟ್ಟೀತೆ?

ಇದಕ್ಕೆ ಪ್ರತಿಯಾಗಿ, ಖರ್ಚಿಲ್ಲದ ಉಪಕಾರವೊಂದು ನಮ್ಮ ಬೀದಿಗಳಲ್ಲೇ ಬಿದ್ದಿರುತ್ತದೆ. ಕಾಡುಬಾದಾಮಿ ಮರದಿಂದ ತಾನಾಗಿ ಉದುರಿದ ಒಣ ಎಲೆಯನ್ನು ತೊಳೆದು, ಕುದಿನೀರಿನಲ್ಲಿ ಅದ್ದಿ, ತೊಟ್ಟಿಗೆ ಒಂದನ್ನು ಹಾಕಿದರೆ ಸಾಕು. ಅದರ ಮೇಲೆ ಬೆಳೆಯುವ ಲೋಳೆಪದರವನ್ನು ಸಿಗಡಿಗಳು ಹಗಲಿರುಳೂ ಮೇಯುತ್ತವೆ. ಕೊನೆಗೆ ಎಲೆಯ ನರಗಳು ಮಾತ್ರ ಜಾಲರಿಯಂತೆ ಉಳಿಯುತ್ತವೆ.

ಚಿಕ್ಕ ಮೀನು

ಮೀನನ್ನು ಆರಿಸುವಾಗ ನೆನಪಿಡತಕ್ಕ ಸೂತ್ರ ಒಂದೇ: ಬಾಯಿಗೆ ಹಿಡಿಸುವುದೆಲ್ಲ ಮೀನಿಗೆ ಆಹಾರ. ಎಷ್ಟು ಸಾಧುವಾದ ಮೀನೂ ಆಗತಾನೆ ಹುಟ್ಟಿದ ಸಿಗಡಿಮರಿಯನ್ನು ಬಿಡುವುದಿಲ್ಲ. ಮರಿಗಳು ಉಳಿಯಬೇಕಾದರೆ ಹಾವಸೆಯ ದಟ್ಟ ಪೊದೆ ಬೇಕು. ಮತ್ತು ಸಿಗಡಿಗಳನ್ನು ಮೊದಲು ಬಿಟ್ಟು, ಅವು ಒಂದೆರಡು ಸಲ ಮರಿಮಾಡಿದ ಮೇಲೆ ಮೀನನ್ನು ತರಬೇಕು.

ಬೋರ್ನಿಯೋ ದ್ವೀಪದ ಚಿಲ್ಲಿ ರಸ್ಬೋರ, ಬ್ರೆಜಿಲಿನ ಎಂಬರ್ ಟೆಟ್ರ ಇವೆರಡೂ ಸುಮಾರು ಎರಡು ಸೆಂಟಿಮೀಟರಿನ, ಗುಂಪಿನಲ್ಲಿ ಬಾಳುವ ಕೆಂಪು ಮೀನುಗಳು. ಎಂಟು ಹತ್ತನ್ನು ಕೂಡಿಯೇ ಸಾಕಬೇಕು; ಒಂಟಿಯಾದರೆ ಅಂಜಿ ಅವಿತುಕೊಳ್ಳುತ್ತವೆ. ಆದರೆ ಚಿಲ್ಲಿ ರಸ್ಬೋರ ಮೆದುವಾದ ನೀರಿನ ಮೀನು. ಗಡಸು ನೀರಿನ ಊರಿನವರಿಗೆ ಅದು ತಕ್ಕುದಲ್ಲ. ನಮ್ಮ ದೇಶದ ಬ್ರಹ್ಮಪುತ್ರಾ ಪ್ರದೇಶದ ಡೇರಿಯೊ ಎಂಬ ಪಟ್ಟೆಮೀನೂ ಇಷ್ಟೇ ಚಿಕ್ಕದು. ಅದರ ಬಂಧುವಾದ ಇನ್ನೊಂದು ಜಾತಿ ಪಶ್ಚಿಮ ಘಟ್ಟದ ತೊರೆಯಲ್ಲಿಯೂ ಇರುವುದೆಂದು 2012ರಲ್ಲಿ ವಿಜ್ಞಾನಿಗಳು ವರ್ಣಿಸಿದರು. ಡೇರಿಯೊ ಜೀವಂತ ಆಹಾರವನ್ನೇ ಬಯಸುವುದರಿಂದ ಸಿಗಡಿಮರಿಗಳಿಗೆ ಅದು ಒಳ್ಳೆಯ ನೆರೆಯಲ್ಲ. ಘಟ್ಟದ ಹೊಳೆಗಳಿಂದ ಬರುವ ಪುಟ್ಟ ಬುರುಡೆ ಮೀನು ನೋಡಲು ಮುದ್ದಾದರೂ ಸಿಗಡಿಗಳನ್ನೂ ಬಸವನಹುಳುಗಳನ್ನೂ ಕಚ್ಚಿ ತಿನ್ನುತ್ತದೆ. ಅದನ್ನು ಈ ತೊಟ್ಟಿಗೆ ತರಲೇಬಾರದು.

ಚಿಕ್ಕ ಮೀನನ್ನೇ ಆರಿಸುವುದಕ್ಕೆ ಕಲೆಯ ಕಾರಣವೂ ಒಂದುಂಟು. ಎರಡು ಸೆಂಟಿಮೀಟರಿನ ಮೀನುಗಳ ಸಾಲು ಕಲ್ಲಿನ ಮುಂದೆ ಸುಳಿದಾಗ ಆ ಕಲ್ಲು ಬೆಟ್ಟವಾಗಿ ಕಾಣುತ್ತದೆ. ಅದೇ ತೊಟ್ಟಿಗೆ ಹತ್ತು ಸೆಂಟಿಮೀಟರಿನ ಮೀನೊಂದನ್ನು ಬಿಟ್ಟು ನೋಡಿ, ಬೆಟ್ಟ ಮತ್ತೆ ಬರಿಯ ಕಲ್ಲಾಗುತ್ತದೆ. ದೊಡ್ಡದು ಚಿಕ್ಕದೆಂಬುದು ಹೋಲಿಕೆಯ ಮಾತು.

ನಿತ್ಯದ ಆರೈಕೆ

ವಾರಕ್ಕೊಮ್ಮೆ ನಾಲ್ಕೈದು ಲೀಟರ್ ನೀರನ್ನು ತೆಗೆದು ಅಷ್ಟೇ ಹೊಸ ನೀರನ್ನು ನಿಧಾನವಾಗಿ ಸೇರಿಸಬೇಕು. ಪೂರ್ತಿ ನೀರನ್ನು ಚೆಲ್ಲಿ ತೊಟ್ಟಿಯನ್ನು ಉಜ್ಜಿ ತೊಳೆಯುವುದು ಶುಚಿತ್ವವಲ್ಲ, ಸಂಹಾರ. ನಗರದ ನಲ್ಲಿಯ ನೀರಿನ ಕ್ಲೋರೀನ್ ಒಂದು ದಿನ ಬಾಯ್ದೆರೆದಿಟ್ಟರೆ ಬಹುಪಾಲು ಹೋಗುತ್ತದೆ. ಕ್ಲೋರಮೀನ್ ಬೆರೆಸಿದ್ದರೆ ಹಾಗೆ ಹೋಗದು, ಅದಕ್ಕೆ ಅಂಗಡಿಯ ನಿವಾರಕ ದ್ರವ ಬೇಕು. ಆವಿಯಾಗಿ ಇಳಿದ ನೀರಿನ ಬದಲಿಗೆ ಮಳೆಯ ನೀರನ್ನೋ ಶುದ್ಧೀಕರಿಸಿದ ಮೆದು ನೀರನ್ನೋ ತುಂಬುವುದು ಮೇಲು. ಆವಿಯಾಗಿ ಹೋಗುವುದು ನೀರು ಮಾತ್ರ, ಲವಣವೆಲ್ಲ ತೊಟ್ಟಿಯಲ್ಲೇ ಉಳಿದಿರುತ್ತದೆ.

ಆಹಾರ ದಿನಕ್ಕೊಮ್ಮೆ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು. ಗಿಡ ತುಂಬಿದ ಹಳೆಯ ತೊಟ್ಟಿಯಲ್ಲಿ ವಾರದವರೆಗೆ ಆಹಾರವಿಲ್ಲದಿದ್ದರೂ ಬೆಳೆದ ಪ್ರಾಣಿಗಳಿಗೆ ಕೇಡಿಲ್ಲ. ಹಸಿವಿನಿಂದ ಸತ್ತ ಮೀನುಗಳಿಗಿಂತ ನಮ್ಮ ಔದಾರ್ಯದಿಂದ ಸತ್ತ ಮೀನುಗಳೇ ಹೆಚ್ಚು. ಹಾಸ್ಟೆಲಿನ ಮಿತ್ರರು ರಜೆಗೆ ಊರಿಗೆ ಹೋಗುವಾಗ ಇದನ್ನು ನೆನೆಯುವುದೊಳಿತು. ಆದರೆ ಬೇಸಗೆಯ ದೀರ್ಘ ರಜೆಗೆ ಯಾರಾದರೊಬ್ಬರು ಹೊಣೆ ಹೊರಲೇಬೇಕು.

ಬೇಸಗೆಯೇ ನಮ್ಮ ನಾಡಿ‌ನಲ್ಲಿ ನಿಜವಾದ ಪರೀಕ್ಷೆ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದರೆ 30 ಡಿಗ್ರಿಯ ನೀರು ಹಿಡಿಯುವುದು ಏಳೂವರೆ ಮಾತ್ರ. ಅದೇ ಹೊತ್ತಿಗೆ ಪ್ರಾಣಿಗಳ ಉಸಿರಾಟವೋ ಚುರುಕಾಗಿರುತ್ತದೆ. ರಾಯಚೂರು, ಕಲಬುರಗಿಗಳ ಏಪ್ರಿಲ್ ತಿಂಗಳಲ್ಲಿ ಏನು ಮಾಡುವುದು? ಮಣ್ಣಿನ ಮಡಕೆ ನೀರನ್ನು ತಣಿಸುವ ತಂತ್ರವನ್ನೇ ಹೂಡಬೇಕು. ಮುಚ್ಚಳ ತೆಗೆದು ನೀರಿನ ಮೇಲ್ಮೈಗೆ ಚಿಕ್ಕ ಫ್ಯಾನಿನಿಂದ ಗಾಳಿ ಬೀಸಿದರೆ ಆವಿಯಾಗುವಿಕೆಯಿಂದ ನೀರು ಎರಡು ಮೂರು ಡಿಗ್ರಿ ತಣ್ಣಗಾಗುತ್ತದೆ. ಮಂಜುಗಡ್ಡೆಯನ್ನು ಹಾಕುವುದು ಹಿತವಲ್ಲ. ಥಟ್ಟನೆಯ ಬದಲಾವಣೆ ಸೆಕೆಗಿಂತ ಕ್ರೂರ.

ತೊಟ್ಟಿಯಾಚೆಗಿನ ಹೊಣೆ

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತು. ಗಾಜಿನ ತೊಟ್ಟಿಯ ಗೋಡೆ ಎರಡು ಕಡೆಗೂ ಗೋಡೆಯಾಗಿರಬೇಕು. ಹೊಳೆಯಿಂದ ತೊಟ್ಟಿಗೆ ವಿವೇಚನೆಯಿಲ್ಲದೆ ತಂದರೆ ಹೊಳೆ ಬರಿದಾಗುತ್ತದೆ. ಕೇರಳ ಮತ್ತು ಕರ್ನಾಟಕದ ಹೊಳೆಗಳಲ್ಲಿ ಮಾತ್ರ ಇರುವ, ಮೈಮೇಲೆ ಕೆಂಪು ಗೆರೆಯುಳ್ಳ 'ಮಿಸ್ ಕೇರಳ' ಮೀನನ್ನು ಹೊರದೇಶಗಳ ತೊಟ್ಟಿಗಳಿಗಾಗಿ ಬೇಕಾಬಿಟ್ಟಿಯಾಗಿ ಹಿಡಿದುದರ ಫಲವಾಗಿ ಅದು ಅಳಿವಿನ ಅಪಾಯದಲ್ಲಿರುವ ಜಾತಿಗಳ ಪಟ್ಟಿಗೆ ಸೇರಿದೆ.

ತೊಟ್ಟಿಯಿಂದ ಕೆರೆಗೆ ಬಿಟ್ಟರೆ ಕೆರೆ ಕೆಡುತ್ತದೆ. ಗಾಜು ಉಜ್ಜುವ ಮೀನೆಂದು ಅಂಗಡಿಯಲ್ಲಿ ಮಾರುವ ದಕ್ಷಿಣ ಅಮೆರಿಕದ ಸಕ್ಕರ್ ಮೀನು ಬೆರಳುದ್ದ ಇರುವಾಗ ಚೆಂದ. ಮೊಳದುದ್ದ ಬೆಳೆದಾಗ ಸಾಕಿದವರು ದಯೆಯೆಂದು ತಿಳಿದು ಕೆರೆಗೆ ಬಿಡುತ್ತಾರೆ. ಅದು ಇಂದು ಭಾರತದ ಹಲವು ಕೆರೆ ಹೊಳೆಗಳಲ್ಲಿ ನೆಲೆಯೂರಿ, ದಡದಲ್ಲಿ ಬಿಲ ತೋಡುತ್ತ, ಬೆಸ್ತರ ಬಲೆಗಳನ್ನು ಹರಿಯುತ್ತಿದೆ. ನಮ್ಮ ಕೆರೆಗಳ ಮೇಲೆ ಹಸಿರು ಚಾಪೆಯಂತೆ ಹಬ್ಬಿರುವ, ನೀಲಿ ಹೂವಿನ ಜಲಕಳೆಯೂ ಹಿಂದೊಮ್ಮೆ ಅಲಂಕಾರಕ್ಕೆಂದು ಬಂದ ಅತಿಥಿಯೇ. ಹೆಚ್ಚಾದ ಪ್ರಾಣಿಗಳನ್ನು ಸ್ನೇಹಿತರಿಗೋ ಅಂಗಡಿಗೋ ಕೊಡಬೇಕು. ಕತ್ತರಿಸಿದ ಗಿಡಗಳನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ತಿಪ್ಪೆಗೆ ಹಾಕಬೇಕು. ಚರಂಡಿಗೂ ಬೇಡ, ಕೆರೆಗೂ ಬೇಡ.

ಒಂದು ತೊಟ್ಟಿಯನ್ನು ಕಾಲೇಜಿನ ವಾಚನಾಲಯದ ಮೂಲೆಯಲ್ಲಿಟ್ಟು, ನಾಲ್ಕೈದು ವಿದ್ಯಾರ್ಥಿಗಳು ಸರದಿಯ ಮೇಲೆ ಅದರ ಉಷ್ಣತೆ, ಪಿಎಚ್, ನೈಟ್ರೇಟುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡುತ್ತ ಹೋದರೆ, ವರ್ಷದ ಕೊನೆಗೆ ಅದೇ ಒಂದು ಒಳ್ಳೆಯ ಅಧ್ಯಯನವಾಗುತ್ತದೆ. ಮೂವತ್ತು ಲೀಟರ್ ನೀರನ್ನು ಒಂದು ವರ್ಷ ಕೆಡದಂತೆ ಕಾಪಾಡುವುದು ಎಷ್ಟು ಕಷ್ಟವೆಂದು ಕೈಯಾರೆ ಅರಿತವನು ಊರ ಕೆರೆಗೆ ಬೀಳುವ ಚರಂಡಿಯನ್ನು ಕಂಡು ಸುಮ್ಮನೆ ಮುಂದೆ ಹೋಗಲಾರನು. ಕೆರೆಯ ನಿಯಮವೂ ತೊಟ್ಟಿಯ ನಿಯಮವೇ. ಅಲ್ಲಿಯೂ ಅಮೋನಿಯ ಹುಟ್ಟುತ್ತದೆ, ಅಲ್ಲಿಯೂ ಬ್ಯಾಕ್ಟೀರಿಯಗಳು ದುಡಿಯುತ್ತವೆ, ಅವುಗಳ ಶಕ್ತಿಗೂ ಅಲ್ಲಿ ಒಂದು ಮಿತಿಯಿದೆ. ತೊಟ್ಟಿಯ ನೀರು ಕೆಟ್ಟರೆ ನಾವು ನಾಲ್ಕು ಲೀಟರ್ ಬದಲಿಸಬಹುದು. ಕೆರೆಯ ನೀರನ್ನು ಬದಲಿಸುವವರು ಯಾರು?